ಮೊಸಳೆ ಹಲ್ಲಿಗೆ ನೆಂಟನೋ, ಕೊಕ್ಕರೆಗೋ?

ಮಳೆ ಹಿಡಿಯಿತೆಂದರೆ ದೊಡ್ಡನೆಕ್ಕುಂದಿ, ಮಾರತ್ತಹಳ್ಳಿ, ಕುಂದಲಹಳ್ಳಿ ಕಡೆಯ ಓದುಗರಿಂದ ನನ್ನ ಫೋನಿಗೆ ಒಂದೇ ಬಗೆಯ ಫೋಟೊಗಳು ಬರಲು ಶುರುವಾಗುತ್ತವೆ. ಬಚ್ಚಲ ಜಾಲರಿಯ ಪಕ್ಕದಲ್ಲೋ, ಬಾಲ್ಕನಿಯ ಹೂಕುಂಡದ ಅಡಿಯಲ್ಲೋ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೋ ಕಂಡ ಒಂದು ಜೀವಿ. ಗೇಣುದ್ದವೂ ಇಲ್ಲ, ಸಣಕಲು, ಮಿರಮಿರ ಮಿಂಚುವ ಕಪ್ಪು. ಕೆಳಗೆ ಪ್ರಶ್ನೆ: ‘ಎರೆಹುಳವಾ ಸರ್, ಹಾವಿನ ಮರಿಯಾ?’ ಸೆಕ್ಯುರಿಟಿಯವರು ಪೊರಕೆ ಹಿಡಿದು ನಿಂತಿದ್ದಾರೆ, ಬೇಗ ಹೇಳಿ ಎಂಬ ಒಕ್ಕಣೆಯೂ ಕೆಲವೊಮ್ಮೆ ಇರುತ್ತದೆ.

ಎರಡೂ ಅಲ್ಲ. ಅದು ಪೂರ್ತಿ ಬೆಳೆದ ಹಾವು. ಬೆಳೆದರೂ ಅದರ ಉದ್ದ ಅಷ್ಟೇ. ಹುಳುಹಾವು ಎನ್ನುತ್ತಾರೆ, ಕುರುಡುಹಾವು ಎನ್ನುವವರೂ ಇದ್ದಾರೆ. ಇರುವೆ, ಗೆದ್ದಲುಗಳ ಮೊಟ್ಟೆ ಮರಿ ತಿಂದುಕೊಂಡು ಮಣ್ಣೊಳಗೇ ಇರುವ ಪ್ರಾಣಿ, ವಿಷವಿಲ್ಲ. ಮಳೆ ನೀರು ಮಣ್ಣಿಗೆ ಇಳಿದಾಗ ಮೇಲೆ ಬರುತ್ತದೆ. ಇದರಲ್ಲಿ ಗಂಡೇ ಇಲ್ಲ. ಎಲ್ಲವೂ ಹೆಣ್ಣು, ಗಂಡಿನ ಹಂಗಿಲ್ಲದೆ ಇಟ್ಟ ಮೊಟ್ಟೆಯಿಂದ ಮತ್ತೆ ಹೆಣ್ಣೇ ಹುಟ್ಟುತ್ತದೆ. ಹಾಗಾಗಿ ಹೂಕುಂಡದ ಮಣ್ಣಿನಲ್ಲಿ ಒಂದೇ ಒಂದು ಹಾವು ಹಡಗು ಹತ್ತಿದರೂ ಸಾಕು, ಇಳಿದ ಊರಿನಲ್ಲಿ ಸಂಸಾರ ಹೂಡುತ್ತದೆ. ಹೀಗೆ ಏಷ್ಯಾದಿಂದ ಹೊರಟು ಅಮೆರಿಕ, ಆಸ್ಟ್ರೇಲಿಯಾವರೆಗೂ ಹಬ್ಬಿದೆ.

ಎರೆಹುಳದಿಂದ ಇದನ್ನು ಬೇರೆ ಮಾಡಿ ಗುರುತಿಸಬೇಕೆಂದರೆ ಒಂದು ಹಳೆಯ ಪೇಪರಿನ ಮೇಲೆ ಬಿಟ್ಟು ಒಂದು ನಿಮಿಷ ನೋಡಿ. ಎರೆಹುಳ ಮುಂದಿನ ಭಾಗವನ್ನು ತೆಳ್ಳಗೆ ಚಾಚುತ್ತದೆ, ಊರುತ್ತದೆ, ಆಮೇಲೆ ದಪ್ಪಗಾಗಿ ಹಿಂದಿನದನ್ನು ಎಳೆದುಕೊಳ್ಳುತ್ತದೆ. ಹುಳುಹಾವು ಉದ್ದವಾಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಎಡಕ್ಕೆ ಬಲಕ್ಕೆ ಬಳುಕಿ ಜಾರುತ್ತದೆ. ಮೈಯಲ್ಲಿ ಉಂಗುರಗಳ ಬದಲು ನುಣುಪಾದ ಸಣ್ಣ ಪೊರೆಗಳು. ತಲೆಯ ಕಡೆ ಚರ್ಮದ ಒಳಗೆ ಹುದುಗಿದ ಎರಡು ಕಪ್ಪು ಚುಕ್ಕೆ, ಅವೇ ಕಣ್ಣು. ನಡುನಡುವೆ ಕೂದಲೆಳೆಯಷ್ಟು ನಾಲಗೆ ಹೊರಗೆ ಬಂದು ಹೋಗುತ್ತದೆ.

ಈ ಎರಡು ನಡಿಗೆಗಳ ವ್ಯತ್ಯಾಸ ಇರುವುದು ಮೈಯೊಳಗೆ. ಎರೆಹುಳದ ಒಳಗೆ ಮೂಳೆಯಿಲ್ಲ. ದ್ರವ ತುಂಬಿದ ಕೋಣೆಗಳು, ಸುತ್ತ ಸ್ನಾಯು. ಹಾವಿನ ಒಳಗೆ ಉದ್ದಕ್ಕೂ ಮೂಳೆಯ ಮಣಿಗಳ ಸಾಲು; ಹಾವಿನ ಜಾತಿಯ ಮೇಲೆ ಸಾಮಾನ್ಯವಾಗಿ 200ರಿಂದ 400 ಮಣಿ. ಮಣಿಗಳಿದ್ದವು ಕಶೇರುಕ, ಇಲ್ಲದವು ಅಕಶೇರುಕ ಎಂಬ ಈ ಗಡಿಯನ್ನು 18ನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿನ ಲಾಮಾರ್ಕ್ ಎಳೆದ. ನಿಜ ಹೇಳಬೇಕೆಂದರೆ ಇದು ನಮ್ಮ ದೊಡ್ಡಸ್ತಿಕೆಯ ಗಡಿ. ಕಶೇರುಕಗಳೆಲ್ಲ ಸೇರಿ 70 ಸಾವಿರ ಪ್ರಭೇದಗಳ ಆಚೀಚೆ, ಅದರಲ್ಲಿ ಸುಮಾರು ಅರ್ಧ ಮೀನುಗಳೇ. ಆಚೆ ಬದಿಯಲ್ಲಿ ಹೆಸರಿಟ್ಟಿರುವ ಕೀಟಗಳೇ 10 ಲಕ್ಷ ದಾಟುತ್ತವೆ.

ಬೆನ್ನುಮೂಳೆಯ ವಿಷಯವನ್ನು ರಿಂಗ್ ರೋಡಿನ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಒಂದು ಗಂಟೆ ಕ್ಯಾಬಿನಲ್ಲಿ, ಹಗಲೆಲ್ಲ ಕುರ್ಚಿಯಲ್ಲಿ, ಸಂಜೆ ಮತ್ತೆ ಕ್ಯಾಬಿನಲ್ಲಿ ಕೂತವರಿಗೆ ‘ಡಿಸ್ಕ್’ ಎಂದರೆ ಏನೆಂದು ಚೆನ್ನಾಗಿ ಗೊತ್ತು. ಎರಡು ಮಣಿಗಳ ನಡುವಿನ ಆ ಬಿಲ್ಲೆಯ ಒಳಗೆ ಲೋಳೆಯಂಥ ತಿರುಳು ಇರುತ್ತದೆ. ಕಶೇರುಕ ಪ್ರಾಣಿ ಯಾವುದೇ ಇರಲಿ, ಭ್ರೂಣವಾಗಿದ್ದಾಗ ಅದರ ಬೆನ್ನಿನುದ್ದಕ್ಕೂ ಮೊದಲು ಮೂಡುವುದು ಮೂಳೆಯಲ್ಲ, ನೋಟೋಕಾರ್ಡ್ ಎಂಬ ಮೆತ್ತನೆಯ ಸಲಾಕೆ. ಆಮೇಲೆ ಅದರ ಸುತ್ತ ಮಣಿಗಳು ಕಟ್ಟಿಕೊಳ್ಳುತ್ತವೆ, ಸಲಾಕೆ ಕರಗುತ್ತದೆ. ನಮ್ಮಲ್ಲಿ ಅದರ ಉಳಿಕೆಯೇ ಡಿಸ್ಕಿನ ತಿರುಳು. 50 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ಈಜುತ್ತಿದ್ದ ಪೂರ್ವಜರ ಆಸ್ತಿ ಅದು. ಪಕ್ಕಕ್ಕೆ ಜಾರಿ ನರ ಒತ್ತಿದಾಗ ಮಾತ್ರ ನಮಗೆ ನೆನಪಾಗುತ್ತದೆ.

ಇಷ್ಟರವರೆಗೆ ಯಾರದೂ ತಕರಾರಿಲ್ಲ. ತಕರಾರು ಶುರುವಾಗುವುದು ಕಶೇರುಕಗಳನ್ನು ಐದು ಮನೆಗೆ ಹಂಚುವಾಗ. ದೊಡ್ಡನೆಕ್ಕುಂದಿಯ ತಾಯಿಯೊಬ್ಬರು ಬರೆದಿದ್ದರು. ಮಗ ಏಳನೇ ಕ್ಲಾಸು. ಮೀನು, ಉಭಯವಾಸಿ, ಸರೀಸೃಪ, ಹಕ್ಕಿ, ಸಸ್ತನಿ ಎಂದು ಐದು ಕಾಲಂ ಹಾಕಿ ಲಕ್ಷಣ ಬರೆಸಿದ್ದಾರೆ. ಮೀನಿಗೆ ಪೊರೆ, ಕಿವಿರು, ಹಕ್ಕಿಗೆ ಹಾರಾಟ, ಸರೀಸೃಪ ತೆವಳಬೇಕು, ಸಸ್ತನಿ ಮರಿ ಹಾಕಬೇಕು. ಹುಡುಗ ಒಂದೊಂದಕ್ಕೂ ಅಡ್ಡಪ್ರಶ್ನೆ ಹಾಕುತ್ತಾನಂತೆ: ಉಷ್ಟ್ರಪಕ್ಷಿ ಹಾರಲ್ಲ, ಬಾವಲಿ ಹಾರುತ್ತೆ, ತಿಮಿಂಗಿಲ ಈಜುತ್ತೆ, ಪ್ಲಾಟಿಪಸ್ ಮೊಟ್ಟೆ ಇಡುತ್ತೆ. ‘ಎಲ್ಲದಕ್ಕೂ ಅಪವಾದ ಇದ್ದರೆ ಅದನ್ನ ಲಕ್ಷಣ ಅಂತ ಯಾಕಮ್ಮಾ ಕರೀಬೇಕು?’ ಎಂದು ಕೇಳಿದನಂತೆ. ನಾನೇನು ಹೇಳಲಿ ಎಂದು ತಾಯಿಯ ಪ್ರಶ್ನೆ.

ಹುಡುಗ ಕೇಳಿದ್ದು ಸರಿ. ಪ್ರಾಣಿಗಳ ಗುಂಪು ನಿಲ್ಲುವುದು ಲಕ್ಷಣದ ಮೇಲಲ್ಲ, ವಂಶದ ಮೇಲೆ. ನಮ್ಮ ಊರುಗಳಿಂದ ಜನ ಬೆಂಗಳೂರಿಗೆ ಬಂದು ಒಬ್ಬ ಕೋಡ್ ಬರೆಯುತ್ತಾನೆ, ಇನ್ನೊಬ್ಬ ಪೀಣ್ಯದಲ್ಲಿ ಲೇತ್ ನಡೆಸುತ್ತಾನೆ, ಮತ್ತೊಬ್ಬ ಆಟೊ ಓಡಿಸುತ್ತಾನೆ. ವೇಷ, ಕಸುಬು, ಮಾತು ಎಲ್ಲ ಬೇರೆ. ಆದರೆ ಮನೆದೇವರು ಯಾವುದು ಎಂದು ಕೇಳಿದ ಕೂಡಲೇ ಒಂದೇ ಬುಡದವರು ಎಂದು ಗೊತ್ತಾಗಿಬಿಡುತ್ತದೆ. ಪ್ರಾಣಿಗಳಲ್ಲೂ ಹಾರುವುದು, ಈಜುವುದು, ತೆವಳುವುದು ಕಸುಬುಗಳು. ಬುಡ ತಿಳಿಯಬೇಕಾದರೆ ಕಸುಬು ಬದಲಾದರೂ ಬಿಟ್ಟುಹೋಗದ ಗುರುತುಗಳನ್ನು ಹುಡುಕಬೇಕು. ಅವು ಹೆಚ್ಚಾಗಿ ಒಳಗೆ ಅಡಗಿರುತ್ತವೆ.

ದೊಡ್ಡ ದೊಡ್ಡವರೂ ಇಲ್ಲಿ ಎಡವಿದ್ದಾರೆ. 1758ರಲ್ಲಿ ಲಿನೇಯಸ್ ತನ್ನ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ತಿಮಿಂಗಿಲವನ್ನು ಮೀನುಗಳ ಗುಂಪಿನಿಂದ ಎತ್ತಿ ಸಸ್ತನಿಗಳ ಜೊತೆ ಇಟ್ಟ, ಅದು ಜಾಣತನ. ಆದರೆ ಕಪ್ಪೆ, ಹಾವು, ಶಾರ್ಕ್ ಮೂರನ್ನೂ ಒಂದೇ ಗುಂಪಿಗೆ ತಳ್ಳಿದ! ವಂಶವೇ ಆಧಾರವಾಗಬೇಕು, ಒಬ್ಬ ಪೂರ್ವಜ ಮತ್ತು ಅವನ ಎಲ್ಲ ಸಂತತಿ ಸೇರಿದರೆ ಮಾತ್ರ ಅದು ಗುಂಪು ಎಂಬ ಕಟ್ಟುನಿಟ್ಟಿನ ನಿಯಮವನ್ನು ಜರ್ಮನಿಯ ಕೀಟತಜ್ಞ ವಿಲಿ ಹೆನಿಗ್ 1950ರಲ್ಲಿ ಪುಸ್ತಕವಾಗಿ ಬರೆದ. ನಮ್ಮ ಪಠ್ಯಪುಸ್ತಕಗಳ ಐದು ಕಾಲಂಗಳು ಅದಕ್ಕೂ ಹಳೆಯವು.

ಮೀನಿನಿಂದಲೇ ನೋಡಿ. ಬೆಂಗಳೂರಿನ ಕೆರೆಗಳಲ್ಲಿ ಸಿಗುವ ಕಾಟ್ಲಾ, ರೋಹು, ಜಿಲೇಬಿ ಮೀನುಗಳಿಗೆ ಪೊರೆ ಇದೆ, ಒಪ್ಪೋಣ. ಕ್ಯಾಟ್‌ಫಿಶ್‌ಗೆ ಒಂದೂ ಪೊರೆಯಿಲ್ಲ, ಬೋಳು ಮೈ. ಕೊರಮೀನನ್ನು ಮೀನು ಮಾರುವವರು ಟಬ್ಬಿನಲ್ಲಿ ಬೊಗಸೆ ನೀರಲ್ಲಿ ಜೀವಂತ ಇಟ್ಟಿರುತ್ತಾರಲ್ಲ, ಅದು ಹೇಗೆ ಸಾಧ್ಯ? ಕಿವಿರಿನ ಮೇಲುಗಡೆ ಗಾಳಿ ಹಿಡಿದಿಡುವ ಗೂಡು ಅದಕ್ಕಿದೆ. ಮೂತಿ ಮೇಲೆತ್ತಿ ಗಾಳಿ ನುಂಗುತ್ತದೆ. ಕೊಳಚೆ ಸೇರಿ ಕೆರೆಯ ನೀರಿನಲ್ಲಿ ಆಮ್ಲಜನಕ ಇಳಿದಾಗ ಬೇರೆ ಮೀನುಗಳು ರಾಶಿ ರಾಶಿ ಸತ್ತು ತೇಲುತ್ತವೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಊರೆಲ್ಲ ನೋಡಿದ ದೃಶ್ಯ ಅದು. ಇಂಥ ಹೊತ್ತಿನಲ್ಲಿ ತಾಳಿಕೊಳ್ಳುವ ಶಕ್ತಿ ಇರುವುದು ಕೊರಮೀನು, ಕ್ಯಾಟ್‌ಫಿಶ್‌ನಂಥ ಗಾಳಿ ನುಂಗುವವಕ್ಕೆ. ಇನ್ನೂ ಮುಂದೆ ಹೋದರೆ ಆಫ್ರಿಕಾದ ಶ್ವಾಸಕೋಶದ ಮೀನು. ವಂಶದ ಲೆಕ್ಕದಲ್ಲಿ ಅದು ಕಾಟ್ಲಾಗಿಂತ ನಮಗೆ ಹತ್ತಿರ. ಕಾಲು ಮೂಡಿಸಿಕೊಂಡು ನೆಲಕ್ಕೆ ಬಂದ ಕವಲೊಂದನ್ನು ಬಿಟ್ಟು, ನೀರಲ್ಲೇ ಉಳಿದ ಕಶೇರುಕಗಳನ್ನೆಲ್ಲ ನಾವು ಮೀನು ಎನ್ನುತ್ತೇವೆ. ಅಡುಗೆಮನೆಗೆ ಅದು ಸಾಕು, ವಂಶಾವಳಿಗೆ ಸಾಲದು.

ಉಭಯವಾಸಿ ಎಂದ ಕೂಡಲೇ ನೀರಲ್ಲೂ ನೆಲದಲ್ಲೂ ಬದುಕುವುದು ಎಂದು ಮಕ್ಕಳು ಉರುಹೊಡೆಯುತ್ತಾರೆ. ಹಾಗಾದರೆ ಮೊಸಳೆ, ಆಮೆ, ನೀರುಹಾವು ಯಾಕಲ್ಲ? ಕಪ್ಪೆಯ ನಿಜವಾದ ಗುರುತು ಅದರ ಬರಿಯ, ತೇವದ ಚರ್ಮ ಮತ್ತು ಚಿಪ್ಪಿಲ್ಲದ ಮೊಟ್ಟೆ. ಚರ್ಮದಿಂದಲೇ ಉಸಿರಾಡುತ್ತದೆ, ನೀರು ಹೀರುತ್ತದೆ; ಅದಕ್ಕೇ ನೀರಿನಲ್ಲಿ ವಿಷ ಸೇರಿದರೆ ಮೊದಲು ಪೆಟ್ಟು ತಿನ್ನುವವುಗಳಲ್ಲಿ ಕಪ್ಪೆಯೂ ಒಂದು. ಬೆಂಗಳೂರಿನ ಹೊರವಲಯದಲ್ಲಿ ಸಿಕ್ಕ, ಮಣ್ಣು ತೋಡಿ ಒಳಗಿರುವ ಕಪ್ಪೆಯೊಂದನ್ನು 2020ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿ ಅದರ ವೈಜ್ಞಾನಿಕ ಹೆಸರಿನಲ್ಲೇ ಬೆಂಗಳೂರನ್ನು ಸೇರಿಸಿದರು. ಕೋಟಿಗಟ್ಟಲೆ ಜನ ಓಡಾಡುವ ಊರಿನ ಅಂಚಿನಲ್ಲಿ ಒಂದು ಕಶೇರುಕ ಅಲ್ಲಿಯವರೆಗೆ ಹೆಸರಿಲ್ಲದೆ ಇತ್ತು. ಖಾಲಿ ಸೈಟುಗಳಲ್ಲಿ ನಿಂತ ಮಳೆನೀರನ್ನು ಸೊಳ್ಳೆಯ ಕಾಟ ಎಂದಷ್ಟೇ ನೋಡುವ ನಮಗೆ ಅಲ್ಲಿ ಗೊದಮೊಟ್ಟೆ ಕಾಣುವುದೇ ಕಡಿಮೆ.

ಚಿಪ್ಪಿಲ್ಲದ ಮೊಟ್ಟೆಯ ಪಾಡು ದೊಡ್ಡದು. ಒಣಗಿದರೆ ಸತ್ತಿತು. ಮಲೆನಾಡಿನ ಕುಂಬಾರ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಲೋಕಕ್ಕೆ ಪರಿಚಯಿಸಿದರು. ಹೆಣ್ಣು ನೀರಿನ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆ ಅಂಟಿಸುತ್ತದೆ. ಗಂಡು ಹಿಂಗಾಲ ಮೇಲೆ ನಿಂತು, ಮುಂಗಾಲಿನಲ್ಲಿ ಹೊಳೆಯ ಕೆಸರು ಬಾಚಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅಷ್ಟು ಮಾಡಿದರೂ ಗೊದಮೊಟ್ಟೆ ಕೊನೆಗೆ ನೀರಿಗೇ ಬೀಳಬೇಕು.

ಈ ಕಷ್ಟಕ್ಕೆ 30 ಕೋಟಿ ವರ್ಷಗಳಿಗೂ ಹಿಂದೆ ಒಂದು ಕವಲು ಪರಿಹಾರ ಕಂಡುಕೊಂಡಿತು: ಮರಿಯ ಸುತ್ತ ನೀರು ತುಂಬಿದ ಚೀಲ. ಕೊಳ ಹುಡುಕಿ ಹೋಗುವ ಬದಲು ಕೊಳವನ್ನೇ ಮೊಟ್ಟೆಯೊಳಗೆ ಇಟ್ಟುಕೊಂಡಿತು. ಹಲ್ಲಿಯ ಮೊಟ್ಟೆಯಲ್ಲಿ ಆ ಚೀಲ ಇದೆ, ಕೋಳಿಯ ಮೊಟ್ಟೆಯಲ್ಲಿ ಇದೆ, ತಾಯಿಯ ಬಸಿರಿನಲ್ಲೂ ಇದೆ. ಹೆರಿಗೆಯ ಹೊತ್ತಿನಲ್ಲಿ ಒಡೆಯುವ ನೀರು ಅದೇ. ನನ್ನನ್ನು ಕೇಳಿದರೆ ಐದು ಕಾಲಂಗಳ ಬದಲು ಈ ಒಂದು ಗೆರೆಯನ್ನು ಮೊದಲು ಎಳೆದು ತೋರಿಸಬೇಕು: ಚೀಲ ಇಲ್ಲದ ಮೀನು, ಕಪ್ಪೆ ಈಚೆ; ಚೀಲ ಇರುವ ಉಳಿದವರೆಲ್ಲ ಆಚೆ. ಆಮೇಲೆ ಪೊರೆ, ಗರಿ, ಕೂದಲು.

ಆಚೆಯ ಗುಂಪಿನಲ್ಲೇ ಇರುವುದು ಶೀರ್ಷಿಕೆಯ ಪ್ರಶ್ನೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋದವರು ನೋಡಿರುತ್ತೀರಿ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ತಾಣ. ಮರದ ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡು. ಕೆಳಗೆ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆ. ದೋಣಿಯಲ್ಲಿ ಕೂತವರು ಮೊಸಳೆಯನ್ನು ದೊಡ್ಡ ಹಲ್ಲಿ ಎಂದುಕೊಂಡು ನೋಡುತ್ತಾರೆ. ವಂಶಾವಳಿಯಲ್ಲಿ ಅದಕ್ಕೆ ಹತ್ತಿರದ ನೆಂಟ ಗೋಡೆಯ ಹಲ್ಲಿಯಲ್ಲ, ತಲೆಯ ಮೇಲಿನ ಕೊಕ್ಕರೆ. ಇಬ್ಬರ ಪೂರ್ವಜ ಸುಮಾರು 25 ಕೋಟಿ ವರ್ಷಗಳ ಹಿಂದೆ ಬದುಕಿದ್ದ; ಹಲ್ಲಿ, ಹಾವುಗಳ ಕವಲು ಅದಕ್ಕೂ ಮೊದಲೇ ಬೇರೆಯಾಗಿತ್ತು.

ಗುರುತು ಬೇಕೆ? ಹಲ್ಲಿ, ಹಾವಿನ ಹೃದಯದಲ್ಲಿ ಕೆಳಗಿನ ಕೋಣೆ ಪೂರ್ತಿ ಎರಡಾಗಿಲ್ಲ. ಮೊಸಳೆಗೂ ಹಕ್ಕಿಗೂ ನಾಲ್ಕು ಕೋಣೆ. ತಾಯಿ ಮೊಸಳೆ ಮೊಟ್ಟೆ ಹೂತ ಜಾಗ ಕಾಯುತ್ತದೆ, ಒಳಗಿನಿಂದ ಮರಿಗಳು ಕೂಗಿದ್ದು ಕೇಳಿ ಮಣ್ಣು ಕೆದರಿ, ಅವುಗಳನ್ನು ಬಾಯಲ್ಲಿ ಕಚ್ಚಿಕೊಂಡು ನೀರಿಗೆ ಒಯ್ಯುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಉಸಿರಾಟದ ಸಂಗತಿ. ನಾವು ಗಾಳಿಯನ್ನು ಒಳಗೆಳೆದು ಅದೇ ದಾರಿಯಲ್ಲಿ ಹೊರಗೆ ಬಿಡುತ್ತೇವೆ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒನ್‌ವೇ: ಉಸಿರು ಎಳೆದಾಗಲೂ ಬಿಟ್ಟಾಗಲೂ ಒಂದೇ ದಿಕ್ಕಿಗೆ ಹರಿಯುತ್ತದೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯದ ತೆಳುಗಾಳಿಯನ್ನು ದಾಟಿ ಬರುವುದರ ಹಿಂದೆ ಈ ಏರ್ಪಾಡಿದೆ. ಹಾರುವುದಕ್ಕೆಂದೇ ಹಕ್ಕಿಗಳು ಇದನ್ನು ರೂಪಿಸಿಕೊಂಡವು ಎಂದು ಬಹುಕಾಲ ನಂಬಲಾಗಿತ್ತು. 2010ರಲ್ಲಿ ಫಾರ್ಮರ್ ಮತ್ತು ಸ್ಯಾಂಡರ್ಸ್ ಎಂಬ ಸಂಶೋಧಕರು ಅಮೆರಿಕದ ಆಲಿಗೇಟರ್ ಮೊಸಳೆಯ ಶ್ವಾಸಕೋಶದಲ್ಲೂ ಗಾಳಿ ಒನ್‌ವೇ ಹರಿಯುವುದನ್ನು ಅಳೆದು ತೋರಿಸಿದರು. ಆಮೇಲೆ ಕೆಲವು ಹಲ್ಲಿ ಜಾತಿಗಳಲ್ಲೂ ಇದರ ಸುಳಿವು ಸಿಕ್ಕಿತು. ಅಂದರೆ ಹಾರುವ ಕಸುಬಿಗಿಂತ ಆ ಉಸಿರು ಎಷ್ಟೋ ಹಳೆಯದು.

ಮೊಸಳೆ, ಹಕ್ಕಿ ಇಬ್ಬರ ನಡುವೆ ಬರುವವೇ ಡೈನೋಸಾರ್‌ಗಳು. ಅವುಗಳಲ್ಲೊಂದು ಕವಲು ಉಳಿದು ಹಕ್ಕಿಯಾಯಿತು. 1996ರಲ್ಲಿ ಚೀನಾದಲ್ಲಿ ಗರಿಯಂಥ ನವಿರು ಹೊದ್ದ ಡೈನೋಸಾರ್ ಪಳೆಯುಳಿಕೆ ಸಿಕ್ಕ ಮೇಲೆ ಆ ವಾದಕ್ಕೆ ಎದುರು ನಿಂತವರು ಬಹಳ ಜನ ಉಳಿಯಲಿಲ್ಲ. ಹಾಗಾಗಿ ಹೆನಿಗ್ ನಿಯಮದ ಪ್ರಕಾರ ಹಕ್ಕಿಯನ್ನು ಹೊರಗಿಟ್ಟು ಸರೀಸೃಪ ಎಂಬ ಗುಂಪು ಮಾಡುವಂತಿಲ್ಲ. ಮೊಸಳೆ ಒಳಗಿದ್ದರೆ ಕೋಳಿಯೂ ಒಳಗೇ.

ಸಸ್ತನಿಗೆ ಬಂದರೆ, ಮರಿ ಹಾಕುವುದು ಗುರುತೇ ಅಲ್ಲ. ಮಂಡಲದ ಹಾವು ಮರಿ ಹಾಕುತ್ತದೆ, ಪ್ಲಾಟಿಪಸ್ ಮೊಟ್ಟೆ ಇಟ್ಟು ಹಾಲೂಡುತ್ತದೆ. ಹಾಲು ಗುರುತು, ಕೂದಲು ಗುರುತು. ಮೈತುಂಬ ಪೊರೆಯಿದ್ದು ಸರೀಸೃಪದಂತೆ ಕಾಣುವ ನಮ್ಮ ಚಿಪ್ಪುಹಂದಿಗೂ ಚಿಪ್ಪುಗಳ ನಡುವೆ ಕೂದಲಿದೆ, ಅದರ ಮರಿಯೂ ಹಾಲು ಕುಡಿಯುತ್ತದೆ. ಬಾವಲಿ ಹಾರುವುದು ಉದ್ದವಾದ ಬೆರಳುಗಳ ನಡುವಿನ ಚರ್ಮದಿಂದ, ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಪರಿಚಯವಿರುವ ಹಾರುವ ಓತಿ ತೇಲುವುದು ಚಾಚಿದ ಪಕ್ಕೆಲುಬುಗಳಿಂದ, ಹಕ್ಕಿ ಗರಿಯಿಂದ. ಕಸುಬು ಒಂದೇ, ಸಲಕರಣೆ ಮೂರು ಬಗೆ. ಹಾರುವುದು ಅಷ್ಟು ಅಪರೂಪವೂ ಅಲ್ಲ: ಸಸ್ತನಿಗಳ ಪ್ರತಿ ಐದು ಪ್ರಭೇದಗಳಲ್ಲಿ ಒಂದು ಬಾವಲಿ.

ಆದರೆ ಕೆಳದವಡೆ ಮತ್ತು ಕಿವಿಯಲ್ಲಿರುವ ಗುರುತಿನಷ್ಟು ಗಟ್ಟಿ ಇನ್ನೊಂದಿಲ್ಲ. ಹಲ್ಲಿ, ಮೊಸಳೆಗಳ ಕೆಳದವಡೆಯಲ್ಲಿ ಹಲವು ಮೂಳೆ, ಕಿವಿಯಲ್ಲಿ ಒಂದು. ನಮ್ಮ ಕೆಳದವಡೆ ಒಂದೇ ಮೂಳೆ, ಪ್ರತಿ ಕಿವಿಯಲ್ಲಿ ಮೂರು: ಸುತ್ತಿಗೆ, ಅಡಿಗಲ್ಲು, ರಿಕಾಪು. ಉಳಿದ ದವಡೆ ಮೂಳೆಗಳಲ್ಲಿ ಎರಡು ಹಿಂದೆ ಸರಿದು ಕಿವಿಗೆ ಸೇರಿಕೊಂಡವು. 1837ರಲ್ಲಿ ಜರ್ಮನಿಯ ರೈಖರ್ಟ್ ಭ್ರೂಣಗಳನ್ನು ಕೊಯ್ದು ನೋಡಿ ಇದನ್ನು ಹೇಳಿದ, ಡಾರ್ವಿನ್ ಪುಸ್ತಕ ಬರುವುದಕ್ಕೆ ಎರಡು ದಶಕ ಮೊದಲು. ಮೂರನೆಯದಾದ ರಿಕಾಪು ಇನ್ನೂ ಹಳೆಯದು, ಮೀನಿನ ದವಡೆಗೆ ಆಸರೆಯಾಗಿದ್ದ ಮೂಳೆ. ಮಾರತ್ತಹಳ್ಳಿ ಸೇತುವೆಯ ಹಾರ್ನ್ ಶಬ್ದ ನಮ್ಮ ಮಿದುಳು ಮುಟ್ಟುವುದು ಮೀನಿನ ಆ ಆಸರೆಯ ಮೂಳೆ, ಹಲ್ಲಿಯಂಥ ಪೂರ್ವಜರ ದವಡೆ ಕೀಲುಗಳ ಮೂಲಕ.

ತಿಮಿಂಗಿಲದ ವಂಶ ಪತ್ತೆಯಾದದ್ದೂ ಕಿವಿಯಿಂದಲೇ. ಭೂವಿಜ್ಞಾನಿ ಎ. ರಂಗರಾವ್ ಜಮ್ಮು-ಕಾಶ್ಮೀರದ ಬಂಡೆಗಳಲ್ಲಿ ಸಿಕ್ಕ ಸಣ್ಣ ಗೊರಸಿನ ಪ್ರಾಣಿಯೊಂದಕ್ಕೆ 1971ರಲ್ಲಿ ಇಂಡೋಹ್ಯೂಸ್ ಎಂದು ಹೆಸರಿಟ್ಟರು. ಅವರು ಕೂಡಿಟ್ಟಿದ್ದ ಕಲ್ಲುಗಳನ್ನು ಅವರ ನಂತರ ಸಂಶೋಧಕ ಥೀವಿಸ್ಸನ್ ಅವರ ತಂಡ ಬಿಡಿಸುತ್ತಿದ್ದಾಗ ಕಿವಿಯ ಮೂಳೆಯೊಂದರ ಒಳಗೋಡೆ ವಿಚಿತ್ರವಾಗಿ ದಪ್ಪಗಿರುವುದು ಕಂಡಿತು. ಆ ದಪ್ಪಗೋಡೆ ತಿಮಿಂಗಿಲಗಳ ಗುರುತು. 2007ರಲ್ಲಿ ಅದು ಪ್ರಕಟವಾಯಿತು. ಸಮುದ್ರದಲ್ಲಿ ತಿಮಿಂಗಿಲವನ್ನೂ ಶಾರ್ಕನ್ನೂ ಬೇರೆ ಮಾಡಲು ಅಷ್ಟೆಲ್ಲ ಬೇಡ, ಬಾಲ ನೋಡಿದರೆ ಸಾಕು. ಶಾರ್ಕಿನ ಬಾಲ ನೆಟ್ಟಗೆ ನಿಂತಿರುತ್ತದೆ, ಎಡಬಲಕ್ಕೆ ಬೀಸುತ್ತದೆ. ತಿಮಿಂಗಿಲದ ಬಾಲ ಅಡ್ಡ ಮಲಗಿರುತ್ತದೆ, ಮೇಲೆ ಕೆಳಗೆ ಬಡಿಯುತ್ತದೆ. ನೆಲದ ಮೇಲೆ ಓಡುವಾಗ ನಾಯಿ, ಕುದುರೆಗಳ ಬೆನ್ನು ಮಡಿಯುವುದೂ ಹಾಗೇ.

ಇಷ್ಟೆಲ್ಲ ಓದಿದ ಮೇಲೂ ಆ ತಾಯಿಗೆ ಬೇಕಿರುವ ಉತ್ತರ ಬೇರೆ: ಮಗ ಪರೀಕ್ಷೆಯಲ್ಲಿ ಏನು ಬರೆಯಬೇಕು? ಐದು ಗುಂಪು ಎಂದೇ ಬರೆಯಲಿ. ಮೊಸಳೆ ಸರೀಸೃಪ, ಬಾವಲಿ ಸಸ್ತನಿ. ‘ಏಕೆ’ ಎಂದು ಕೇಳಿದ್ದರೆ ಹಾರಾಟ, ಈಜಾಟ ಬಿಟ್ಟು ಹಾಲು, ಗರಿ, ಕಿವಿರು, ಮೊಟ್ಟೆಯ ಬಗೆ ಬರೆಯಲಿ, ಅಂಕಕ್ಕೆ ಮೋಸವಿಲ್ಲ. ಕೋಳಿಯೂ ಸರೀಸೃಪವೇ ಎಂದು ಸದ್ಯಕ್ಕೆ ಬರೆಯುವುದು ಬೇಡ. ತಿದ್ದುವವರ ಕೈಯಲ್ಲಿರುವ ಉತ್ತರಪಟ್ಟಿ ಹೆನಿಗ್‌ನನ್ನು ಇನ್ನೂ ಓದಿಲ್ಲ.